ಅವ್ವನ ಅಳುವಿಗೆ ಪರವಾನಗಿ

ಅಥಣಿ
12 ಡಿಸೆಂಬರ್ 2024

ಸುಶಾಂತ,

ಕ್ಷೇಮಸಮಾಚಾರ ಕೇಳಲು ಬರೆಯುತ್ತಿಲ್ಲ. ನಿನ್ನ ನಂಬರನ್ನು ಬ್ಲಾಕ್ ಮಾಡಿದ್ದೇನೆ, ಅದಕ್ಕೇ ಈ ಕಾಗದ. ಫೋನಿನಲ್ಲಿ ನೀನು ‘ಅಕ್ಕಾ’ ಅಂದರೆ ನನ್ನ ಸಿಟ್ಟೆಲ್ಲ ಇಳಿದುಹೋಗುತ್ತದೆ, ಚಿಕ್ಕಂದಿನಿಂದಲೂ ಹಾಗೇ ಆಗಿದೆ. ಈ ಸಲ ಇಳಿಯಬಾರದು. ನೀನೂ ಬರೆದೇ ಉತ್ತರ ಕೊಡು. ಏಳನೇ ಇಯತ್ತೆಯವರೆಗೆ ಸಲಗರೆಯ ಕನ್ನಡ ಶಾಲೆಯಲ್ಲೇ ಕಲಿತಿದ್ದೀ, ಅಕ್ಷರ ಮರೆತಿದೆ ಅಂತ ನನ್ನಂಥ ಶಾಲೆ ಟೀಚರಳ ಮುಂದೆ ನಾಟಕ ಮಾಡಬೇಡ.

ಭಾನುವಾರ ಗುರಲಿಂಗ ಕಾಕಾನ ಮಗಳು ಧನಶ್ರೀಯ ಮದುವೆಗೆ ಸಲಗರೆಗೆ ಹೋಗಿದ್ದೆ. ಸಾಂಗಲಿಯಿಂದ ಒಂದು ಬಸ್ಸು ಹತ್ತಿದರೆ ಬರುವ ಊರಿಗೆ ನೀನು ಬರಲಿಲ್ಲ. ಹಿಂದಿನ ಸಂಜೆ ಅರಿಶಿನ ಹಚ್ಚುವಾಗ ಅವ್ವನೇ ಸೋಬಾನ ಹಾಡಿದಳು. ಮೊದಲೆಲ್ಲ ಊರಲ್ಲಿ ಯಾರ ಮನೆಯ ಮದುವೆಯಾದರೂ ನಮ್ಮವ್ವ ಕಾಡವ್ವ ಬಾಯಿ ತೆರೆಯದೆ ಅರಿಶಿನ ಕಲಸುತ್ತಿರಲಿಲ್ಲ. ಲಗಮಣ್ಣ ಅಣ್ಣ ಹೋದ ಮೇಲೆ ವರ್ಷಗಟ್ಟಲೆ ಬಾಯಿ ಕಟ್ಟಿಕೊಂಡು ಕೂತಿದ್ದವಳು ಈಗೀಗ ಮತ್ತೆ ಹಾಡತೊಡಗಿದ್ದಳು. ಆ ಸಂಜೆ ಅವಳ ಮುಖ ನೋಡಿ ನನಗೆ ಜೀವ ತಣ್ಣಗಾಗಿತ್ತು.

ಮರುದಿನ ಹುಡುಗಿಯನ್ನು ಕಳಿಸಿಕೊಡುವ ಹೊತ್ತು. ಮಿರಜದಿಂದ ಬಂದಿದ್ದ ಸ್ಪೀಕರಿನವನು, ‘ಈಗ ಎಲ್ಲಾ ಲಗ್ನದಾಗ ಇದ ಹಾಡ ಹಾಕೂದ್ರಿ, ಭಾಳ ಅಳಸ್ತೈತಿ’ ಅಂದು ಗುಂಡಿ ಒತ್ತಿದ.

‘ಏಳೊ ನನ ಲಗಮಾ, ಕುರಿ ಒದರತಾವೊ. ಕಂಬಳಿ ನೆನದೈತಿ, ಏನ ಹೊದಿಸಲೊ.’

ಅಣ್ಣನ ಹೆಣದ ಮುಂದೆ ಕೂತು ಅವ್ವ ಹಾಡಿಕೊಂಡು ಅತ್ತದ್ದು. ಹಸಿರು ಹಂದರದ ಕೆಳಗೆ, ದೊಡ್ಡ ದೊಡ್ಡ ಸ್ಪೀಕರಿನಲ್ಲಿ. ಮೊದಲಿಗೆ ಅದು ತನ್ನ ದನಿ ಅಂತ ಅವ್ವನಿಗೇ ತಿಳಿಯಲಿಲ್ಲ. ಕತ್ತು ತಿರುಗಿಸಿ ಓಣಿಯ ಕಡೆ ನೋಡಿ, ‘ಯಾರ ಮನ್ಯಾಗ ಸತ್ತಾರವಾ?’ ಅಂತ ನನ್ನನ್ನು ಕೇಳಿದಳು. ಆಮೇಲೆ ಮಗನ ಹೆಸರು ಕೇಳಿಸಿತು.

ನಮ್ಮ ಓಣಿಯ ದುಂಡವ್ವ ಊಟದ ಎಲೆಯಿಂದ ಎದ್ದಳು, ಅವಳ ಹಿಂದೆ ಉಳಿದ ಹೆಂಗಸರೂ ಎದ್ದರು. ಧನಶ್ರೀಯ ಅತ್ತೆ ಅವ್ವನ ಕೈಯಿಂದ ಕುಂಕುಮದ ತಟ್ಟೆ ಇಸಕೊಂಡಳು. ಯಾರೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮನೆಗೆ ಬಂದು ಅವ್ವ ತನ್ನ ಫೋನನ್ನು ಜೋಳದ ಚೀಲದೊಳಗೆ ಹುಗಿದಿಟ್ಟಿದ್ದಾಳೆ.

ಆ ದನಿ ಇದ್ದದ್ದು ನಮ್ಮಿಬ್ಬರ ಫೋನಿನಲ್ಲಿ ಮಾತ್ರ. ಲಾಕ್‌ಡೌನಿನಲ್ಲಿ ಡಿಗ್ರಜದ ಹೊಲದಲ್ಲಿ ಕುರಿ ತರುಬಿ ಕಾವಲಿದ್ದಾಗ ಅಣ್ಣನಿಗೆ ಹಾವು ಕಚ್ಚಿತು, ಗಡಿಯಲ್ಲಿ ಚೆಕ್‌ಪೋಸ್ಟಿನವರು ನನ್ನನ್ನು ಬಿಡಲಿಲ್ಲ. ಮುಖ ಸಿಗದಿದ್ದರೂ ಅವ್ವನ ಹಾಡಾದರೂ ಅಕ್ಕನಿಗೆ ಸಿಗಲಿ ಅಂತ ನೀನು ರೆಕಾರ್ಡ್ ಮಾಡಿ ಕಳಿಸಿದ್ದೆ. ಅದನ್ನು ಕೇಳಿಯೇ ನಾನು ಇಲ್ಲಿಂದ ಅಣ್ಣನಿಗೆ ಮಣ್ಣು ಕೊಟ್ಟೆ. ಅದು ಸ್ಪೀಕರಿನವನ ಕೈಗೆ ಹೇಗೆ ಹೋಯಿತು?

ಮಂಗಲಾ


ಸಾಂಗಲಿ
21 ಡಿಸೆಂಬರ್ 2024

ಅಕ್ಕಾ,

ಕಾಗದ ಮುಟ್ಟಿತು. ಬರೆದು ಬರೆದು ಹರಿದೆ. ಕನ್ನಡ ಬರೆಯದೆ ಬಹಳ ದಿನವಾಗಿದೆ, ಆದರೆ ಕಾರಣ ಅದೊಂದೇ ಅಲ್ಲ.

ಕೊಟ್ಟವನು ನಾನೇ.

ನಮ್ಮ ಆಫೀಸು ಅಂಗಡಿಗಳಿಗೆ ಜಾಹೀರಾತಿನ ವಿಡಿಯೋ ಮಾಡಿಕೊಡುವುದು ನಿನಗೆ ಗೊತ್ತು. ವಿಡಿಯೋ ಓಡುವುದು ಹಾಡಿನಿಂದ. ಆ್ಯಪಿನವರೇ ಕೊಡುವ ಸಿನಿಮಾ ಹಾಡನ್ನು ಮನೆಯವರು ತಮ್ಮ ರೀಲ್ಸಿಗೆ ಹಾಕಿಕೊಂಡರೆ ಯಾರೂ ಕೇಳುವುದಿಲ್ಲ. ಅದೇ ಹಾಡನ್ನು ಅಂಗಡಿಯವನು ಸರಕು ಮಾರಲು ಹಾಕಿದರೆ ಹಾಡಿನ ಒಡೆಯರಿಂದ ಲೈಸನ್ಸ್ ಬೇಕು. ಅವರು ಕೇಳುವ ದುಡ್ಡಿಗೆ ಇನ್ನೊಂದು ಅಂಗಡಿಯನ್ನೇ ಹಾಕಬಹುದು. ಹಾಗಾಗಿ ಎಲ್ಲರಂತೆ ನಾವೂ ಕದ್ದೇ ಹಾಕುತ್ತಿದ್ದೆವು. ಶ್ರಾವಣದಲ್ಲಿ ಒಂದು ಸೀರೆ ಅಂಗಡಿಯ ವಿಡಿಯೋಕ್ಕೆ ನಾನು ಒಂದು ಹೆಸರಾದ ಹಾಡು ಹಾಕಿದೆ. ಹಾಡಿನ ಕಂಪನಿಯಿಂದ ನೋಟೀಸು ಬಂತು, ಅಂಗಡಿಯ ಪೇಜೇ ಬಂದ್ ಆಯಿತು. ಲಗ್ನಸರಾಯಿ, ಮದುವೆಗಳ ಕಾಲ, ಹತ್ತಿರ ಬಂದಿತ್ತು. ಅಂಗಡಿಯವರು ಆಫೀಸಿನಲ್ಲಿ ಬಂದು ಕೂತರು. ನಮ್ಮ ಸಾಹೇಬರು ವಿಜಯಕುಮಾರರು ಆ ಅಂಗಡಿಯವರ ಎದುರಿಗೇ ನನಗೆ ಹೇಳಿದರು, ‘ಯಾರಪ್ಪಂದೂ ಅಲ್ಲದ ಹಾಡೊಂದು ತಾ. ಇಲ್ಲಾ ನಾಳೆಯಿಂದ ಬರಬೇಡ.’

ವಿಡಿಯೋದಲ್ಲಿ ಮದುಮಗಳು ತವರು ಬಿಟ್ಟು ಹೊರಟಿದ್ದಳು. ಅಳುವ ದನಿ ಬೇಕಿತ್ತು. ಬೇರೆ ಅಳು ನನ್ನ ಹತ್ತಿರ ಇರಲಿಲ್ಲ.

ಅಣ್ಣನ ಹೆಸರು ಬರುವ ಸಾಲುಗಳನ್ನು ಕತ್ತರಿಸಿದೆ. ಮರಾಠಿ ಮಂದಿಗೆ ಉಳಿದ ಮಾತು ತಿಳಿಯಲಿಲ್ಲ. ಸಾಹೇಬರು ಕಣ್ಣೊರೆಸಿಕೊಂಡು, ‘ಬಿದಾಯಿ ಹಾಡಾ? ಹೆಣ್ಣು ಕಳಿಸಿಕೊಡುವಾಗ ಹಾಡುವುದಾ?’ ಅಂದರು. ನಾನು ಅಲ್ಲ ಅನ್ನಲಿಲ್ಲ. ನಾಳೆ ಇದಕ್ಕೂ ಯಾರಾದರೂ ಒಡೆಯ ಹುಟ್ಟಿಕೊಂಡರೆ ಕಷ್ಟ, ಪಕ್ಕಾ ಮಾಡಿಸು ಅಂದರು. ಮುಂಬೈಯಲ್ಲಿ ಒಂದು ಕಂಪನಿ ಇಂಥ ದನಿಗಳನ್ನು ತನ್ನಲ್ಲಿ ನೋಂದಾಯಿಸಿಕೊಂಡು ಬೇಕಾದವರಿಗೆ ಲೈಸನ್ಸ್ ಕೊಡುತ್ತದೆ. ಅವರು ಪೂರ್ತಿ ಹಾಡು ಕೇಳಿದರು, ಕೊಟ್ಟೆ. ಹಾಡಿದವರ ಒಪ್ಪಿಗೆ ಕೇಳಿದರು, ಅವ್ವನ ನಂಬರು ಹಾಕಿದೆ. ಅವ್ವನ ಫೋನಿಗೆ ಓಟಿಪಿ ಹೋಯಿತು.

ಫೋನ್ ಮಾಡಿ ಕೇಳಿದೆ. ‘ರೇಶನ್ನಿಂದೇನೊ?’ ಅಂದಳು. ಹೂಂ ಅಂದೆ. ಒಂದೊಂದೇ ಅಂಕಿ ಓದಿ ಹೇಳಿದಳು. ಕೊನೆಗೆ ‘ಉಂಡಿಯೇನೊ?’ ಅಂತ ಕೇಳಿದಳು.

ಇದು ಊರೂರಿಗೆ ಹಬ್ಬುತ್ತದೆ, ಸಲಗರೆಯ ಹಂದರಕ್ಕೂ ಬರುತ್ತದೆ ಅಂತ ನನಗೆ ಹೊಳೆಯಲಿಲ್ಲ. ಮದುವೆಗೆ ಬಾರದೆ ಇದ್ದದ್ದು ಕೆಲಸಕ್ಕಲ್ಲ. ಅವ್ವ ಸೋಬಾನ ಹಾಡುವಾಗ ಅವಳ ಮುಂದೆ ಕೂರಲು ಮುಖ ಇರಲಿಲ್ಲ.

ನಿನ್ನ ತಮ್ಮ
ಸುಶಾಂತ


ಅಥಣಿ
16 ಜನವರಿ 2025

ಸುಶಾಂತ,

‘ಬೇರೆ ಅಳು ನನ್ನ ಹತ್ತಿರ ಇರಲಿಲ್ಲ’ ಅಂತ ಬರೆದಿದ್ದೀಯಲ್ಲ, ಕನ್ನಡಿ ಮುಂದೆ ಕೂತು ನೀನೇ ಅತ್ತು ರೆಕಾರ್ಡ್ ಮಾಡಿಕೊಳ್ಳಬೇಕಿತ್ತು. ಹೊಟ್ಟೆಪಾಡಿಗೆ ಅಳುವವರನ್ನು ಯಾರೂ ಬೇಡ ಅನ್ನುವುದಿಲ್ಲ.

ಸತ್ತವರ ಮುಂದೆ ಹಾಡಿದ್ದನ್ನು ಮಣ್ಣಿನ ಜೊತೆಗೇ ಬಿಟ್ಟು ಬರಬೇಕು, ತಿರುಗಿ ಬಾಯಿಗೆ ತರಬಾರದು, ಹೊಸ್ತಿಲೊಳಗೆ ತರಬಾರದು. ನಮ್ಮ ಮನೆಯ ಕೂಸುಗಳಿಗೂ ಗೊತ್ತಿರುವ ಮಾತು. ಅಷ್ಟು ವರ್ಷ ನನ್ನ ಫೋನಿನಲ್ಲಿದ್ದರೂ ನಾನು ಅದನ್ನು ಇನ್ನೊಂದು ಸಲ ತೆರೆದು ಕೇಳಿರಲಿಲ್ಲ.

ಸಂಕ್ರಾಂತಿಗೆ ಸಲಗರೆಗೆ ಹೋಗಿ ಬಂದೆ. ದುಂಡವ್ವನ ಮೊಮ್ಮಗಳು ಕಾಜಲ ಬಸುರಿ, ಅವಳ ಕುಬಸ ಇತ್ತು. ಓಣಿಯ ಎಲ್ಲ ಮನೆಗೂ ಕರೆ ಹೋಗಿದೆ, ನಮ್ಮ ಮನೆ ದಾಟಿ ಹೋಗಿದೆ. ನಾನು ಜಗಳಕ್ಕೇ ನಿಂತೆ. ದುಂಡವ್ವ ಮೆತ್ತಗೆ ಹೇಳಿದಳು, ‘ನಿಮ್ಮವ್ವನ ಮ್ಯಾಲ ನಮಗೇನ ಸಿಟ್ಟಿಲ್ಲ ಮಂಗಲಾ. ಆದ್ರ ಆಕಿ ಬಾಯಿ ತೆಗದ್ರ ಈಗ ಹೆಣದ ಮನಿ ನೆನಪಾಗತೈತಿ. ಬಸುರಿ ಮುಂದ ಹೆಂಗ ಕುಂದರಸೂದು?’

ಅವ್ವ ಈಗ ಕುರಿಮರಿಗೆ ಹಾಲು ಕುಡಿಸುವಾಗಲೂ ಗುನುಗುವುದಿಲ್ಲ. ಅಪ್ಪ ಒಂದು ಸಂಜೆ ತಮಾಷೆ ಮಾಡಿ ನಗಿಸಲು ನೋಡಿದ, ಆಮೇಲೆ ಎದ್ದು ಕುರಿದೊಡ್ಡಿಗೆ ಹೋದ. ಇದನ್ನೆಲ್ಲ ಮಾಡಿದವನು ನೀನು ಅಂತ ಅವ್ವನಿಗೆ ಹೇಳಿದ್ದೇನೆ. ಒಲೆಗೆ ಕಟ್ಟಿಗೆ ತಳ್ಳಿ, ‘ಅವ ಉಂಡಾನೇನಂತ ಕೇಳು’ ಅಂದಳು. ನಾನು ಕೇಳುವುದಿಲ್ಲ.

ಆ ಹಾಡನ್ನು ತೆಗೆಸು. ಯಾರ ಕಾಲು ಹಿಡಿಯಬೇಕೋ ಹಿಡಿ. ಆ ಹಾಡು ನಿಲ್ಲುವವರೆಗೆ ನಮ್ಮವ್ವನಿಗೆ ಬಾಯಿ ಬರುವುದಿಲ್ಲ.

ಮಂಗಲಾ


ಸಾಂಗಲಿ
23 ಫೆಬ್ರವರಿ 2025

ಅಕ್ಕಾ,

ಹಿಡಿಯದ ಕಾಲು ಉಳಿದಿಲ್ಲ. ಸೀರೆ ಅಂಗಡಿಯವರು ಒಳ್ಳೆಯವರು, ವಿಷಯ ಕೇಳಿದ ಕೂಡಲೇ ತಮ್ಮ ವಿಡಿಯೋ ತೆಗೆದರು. ಅಂಗಡಿಯ ಯಜಮಾನಿ ಕಮಲಾಬಾಯಿ, ‘ಅವ್ವಗ ಒಂದ ಸೀರಿ ಒಯ್ಯಪಾ’ ಅಂದರು. ನಾನು ತರಲಿಲ್ಲ. ಆದರೆ ಅವರು ತೆಗೆದರೇನು ಬಂತು, ಹಾಡು ಕಂಪನಿಯಲ್ಲಿದೆ.

ಮುಂಬೈಗೆ ಹೋದೆ. ಆಫೀಸಿನಲ್ಲಿ ಒಬ್ಬ ಹುಡುಗಿ ನೀರು ಕೊಟ್ಟು ಕೂರಿಸಿ, ನಾನು ಹೇಳಿದ್ದನ್ನೆಲ್ಲ ಸಮಾಧಾನದಿಂದ ಕೇಳಿದಳು. ಮದುವೆ ಹಾಡುಗಳಲ್ಲಿ ಈಗ ಇದೇ ಮುಂದಿದೆಯಂತೆ. ಮದುವೆ ನಡೆಸುವ ಮಂಗಲ ಕಾರ್ಯಾಲಯದವರು, ಫೋಟೋದವರು, ಬಂಗಾರದ ಅಂಗಡಿಯವರು ಲೈಸನ್ಸ್ ತೆಗೆದುಕೊಂಡಿದ್ದಾರೆ. ಇದು ಸಾವಿನ ಹಾಡು ಅಂದೆ. ಅವಳು ಕಂಪ್ಯೂಟರ್ ನೋಡಿ, ‘ಬಿದಾಯಿ ಅಂತ ನೀವೇ ಹಾಕಿದ್ದೀರಲ್ಲ’ ಅಂದಳು.

ಕೊನೆಗೆ ಒಂದು ದಾರಿ ಹೇಳಿದಳು. ಒಪ್ಪಿಗೆಯನ್ನು ತನ್ನಿಂದ ಮೋಸದಿಂದ ಪಡೆದರು ಅಂತ ಹಾಡಿದವರೇ ಪೊಲೀಸರಿಗೆ ದೂರು ಕೊಡಬೇಕು. ಆ ದೂರು ತೋರಿಸಿದರೆ ಎಲ್ಲ ಕಡೆಯಿಂದಲೂ ತೆಗೆಯುತ್ತಾರೆ. ನಾನು ಹೋಗಿ ತಪ್ಪೊಪ್ಪಿಕೊಂಡರೆ ಸಾಲದು, ಅವ್ವನೇ ಹೇಳಬೇಕು.

ಅಂದರೆ ಅವ್ವ ನನ್ನ ಮೇಲೆ ಕೇಸು ಹಾಕಬೇಕು. ಸಾಂಗಲಿಯ ಪೊಲೀಸ್ ಠಾಣೆಗೆ ಅವಳನ್ನು ಕರೆದುಕೊಂಡು ಬಾ. ನಾನು ಎಲ್ಲವನ್ನೂ ಒಪ್ಪಿಕೊಳ್ಳುತ್ತೇನೆ. ನನಗೆ ಹೆದರಿಕೆಯಾಗುತ್ತಿದೆ, ಅದನ್ನು ನಿನ್ನಿಂದ ಮುಚ್ಚಿಟ್ಟು ಏನು ಮಾಡಲಿ. ಆದರೂ ಕರೆದುಕೊಂಡು ಬಾ.

ಸುಶಾಂತ


ಅಥಣಿ
2 ಮೇ 2025

ಸುಶಾಂತ,

ಎರಡು ತಿಂಗಳು ನಾನು ಬರೆಯಲಿಲ್ಲ. ನಿನ್ನ ಮೇಲೆ ಕೇಸು ಹಾಕಿಸಲು ನನಗೂ ಕೈ ಬಂದಿರಲಿಲ್ಲ. ಬೈಯುವುದು ಬೇರೆ, ಕೈಗೆ ಬೇಡಿ ಹಾಕಿಸುವುದು ಬೇರೆ.

ಏಪ್ರಿಲ್‌ನಲ್ಲಿ ಅಣ್ಣ ಹೋದ ದಿನ ಬಂತು. ಹಾಡು ಊರೆಲ್ಲ ಕುಣಿಯುತ್ತಿದೆ, ಅದು ಯಾರ ಹಾಡು ಅನ್ನುವುದಾದರೂ ಮಂದಿಗೆ ತಿಳಿಯಲಿ ಅನ್ನಿಸಿತು. ಅಣ್ಣ ಕಂಬಳಿ ಹೊದ್ದು ಕುರಿಯ ನಡುವೆ ನಿಂತ ಫೋಟೋ ಇದೆಯಲ್ಲ, ಅದಕ್ಕೆ ನನ್ನ ಫೋನಿನಲ್ಲಿದ್ದ ಅವ್ವನ ದನಿ ಸೇರಿಸಿ ವಿಡಿಯೋ ಮಾಡಿ ನೆಟ್ಟಿಗೆ ಹಾಕಿದೆ. ಕಟ್ಟಳೆ ಮುರಿದೆ, ಗೊತ್ತು. ಸ್ವಲ್ಪ ಹೊತ್ತಿಗೆ ದನಿ ಹೋಯಿತು. ಈ ಹಾಡು ಬೇರೆಯವರ ಸ್ವತ್ತು, ಬಳಸಲು ನಿಮಗೆ ಪರವಾನಗಿ ಇಲ್ಲ ಅಂತ ಮೆಸೇಜು ಬಂತು. ಅಣ್ಣನ ಫೋಟೋ ಒಂದೇ ಮೂಕವಾಗಿ ನಿಂತಿತ್ತು. ಅದೇ ಹೊತ್ತಿಗೆ ನಮ್ಮ ಬೀದಿಯ ಮಂಗಲ ಕಾರ್ಯಾಲಯದಲ್ಲಿ ಯಾರದೋ ಮಗಳನ್ನು ಅದೇ ಹಾಡಿನಲ್ಲಿ ಕಳಿಸಿಕೊಡುತ್ತಿದ್ದರು.

ಮರುದಿನವೇ ಸಲಗರೆಗೆ ಹೋಗಿ ಅವ್ವನನ್ನು ಸಾಂಗಲಿಗೆ ಹೊರಡಿಸಿದೆ. ಬಸ್ಸಿನಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿಕೊಟ್ಟೆ. ಹೂಂ ಹೂಂ ಅಂದಳು. ಠಾಣೆಯಲ್ಲಿದ್ದ ಹೆಣ್ಣು ಪೊಲೀಸು ಕನ್ನಡ ಬಲ್ಲವಳೇ ಇದ್ದಳು.

‘ಅಜ್ಜಿ, ನಂಬರ ಯಾರ ಕೇಳಿದ್ರು? ಏನಂತ ಹೇಳಿ ಕೇಳಿದ್ರು?’

‘ನನ ಮಗ ಕೇಳಿದಾ. ನಿನ ಹಾಡ ಕೊಡತೀಯೇನಬೇ ಅಂದಾ. ಕೊಡತೀನಪಾ, ಒಯ್ಯಿ ಅಂದ್ನಿ.’

‘ರೇಶನ್ನಿಂದು ಅಂತ ಹೇಳಿದ್ನಂತಲ್ಲಾ?’

‘ಇಲ್ರಿ. ನನಗ ಎಲ್ಲಾ ಗೊತ್ತಿತ್ರಿ.’

‘ಮತ್ತ ತಕರಾರ ಏನೈತಿ?’

‘ತಕರಾರ ಏನಿಲ್ರೆವಾ. ಮಗಳ ಕರಕೊಂಡ ಬಂದ್ಲು, ಬಂದ್ನಿ.’

ಅವಳು ಅಷ್ಟನ್ನೂ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡಳು.

ಬಸ್ ಸ್ಟ್ಯಾಂಡಿನಲ್ಲಿ ಮಂದಿ ತಿರುಗಿ ನೋಡುವ ಹಾಗೆ ಅವ್ವನ ಮೇಲೆ ಒದರಾಡಿದೆ. ಅವಳು ನನ್ನ ಸೆರಗು ಸರಿ ಮಾಡುತ್ತ, ‘ಒಬ್ಬನ್ನ ಮಣ್ಣಿಗೆ ಕೊಟ್ಟೇನಿ. ಇನ್ನೊಬ್ಬನ್ನ ಪೊಲೀಸರಿಗೆ ಕೊಡ್ಲೇನ? ಹಾಡ ಹೋದ್ರ ಹೋಗ್ಲಿ’ ಅಂದಳು.

ನೀನು ಕದ್ದು ಪಡೆದ ಒಪ್ಪಿಗೆಯನ್ನು ಅವ್ವ ಪೊಲೀಸರ ಮುಂದೆ ನಿಜ ಮಾಡಿ ಕೊಟ್ಟಿದ್ದಾಳೆ. ಇನ್ನು ಅದನ್ನು ಯಾರಿಂದಲೂ ತೆಗೆಸಲಾಗುವುದಿಲ್ಲ. ಊರಿಗೆ ಬಾ ಅಂತ ನಾನು ಹೇಳುವುದಿಲ್ಲ, ಬರಬೇಡ ಅಂತಲೂ ಹೇಳುವುದಿಲ್ಲ.

ಮಂಗಲಾ


ಕುಪವಾಡ
15 ಜೂನ್ 2025

ಅಕ್ಕಾ,

ಮೇಲಿನ ಊರಿನ ಹೆಸರು ನೋಡಿದೆಯಲ್ಲ, ಆಫೀಸು ಬಿಟ್ಟೆ. ಇಲ್ಲಿ ಒಂದು ಕಾರ್ಖಾನೆಯಲ್ಲಿ ಡಬ್ಬ ಕಟ್ಟುವ ಕೆಲಸ. ಯಂತ್ರದ ಸದ್ದಿನಲ್ಲಿ ಬೇರೆ ಏನೂ ಕೇಳಿಸುವುದಿಲ್ಲ, ಅದಕ್ಕೇ ಸೇರಿಕೊಂಡೆ.

ಸಲಗರೆಗೆ ಹೋಗಿದ್ದೆ. ಅವ್ವ ರೊಟ್ಟಿ ಬಡಿದು ಹಾಕಿದಳು. ತಪ್ಪಾಯಿತು ಅನ್ನಲು ನಾನು ಬಾಯಿ ತೆರೆದಾಗಲೆಲ್ಲ ತಟ್ಟೆಗೆ ಇನ್ನೊಂದು ರೊಟ್ಟಿ ಬಂತು. ಹೊಟ್ಟೆ ಬಿರಿಯುವಷ್ಟು ಉಂಡು, ಹೇಳಬೇಕಾದದ್ದನ್ನು ಹೇಳದೆ ಎದ್ದು ಬಂದೆ.

ಅಪ್ಪನ ಕೆಮ್ಮು ನನಗೆ ಸರಿ ಕಾಣಲಿಲ್ಲ. ಮಿರಜಕ್ಕೆ ಕರೆದುಕೊಂಡು ಹೋಗುತ್ತೇನೆ ಅಂದರೆ, ‘ಈ ಶಿದ್ರಾಮಗ ಕುರಿ ಬಿಟ್ಟ ಬರಾಕ ಪುರಸೊತ್ತಿಲ್ಲಂತ ಹೇಳು ಡಾಕ್ಟರಗ’ ಅಂತ ತನ್ನ ಹೆಸರು ತಾನೇ ಹೇಳಿ ನಕ್ಕ. ನೀನು ಹೇಳಿದರೆ ಕೇಳಿಯಾನು.

ಸುಶಾಂತ


ಕುಪವಾಡ
14 ಸೆಪ್ಟೆಂಬರ್ 2025

ಅಕ್ಕಾ,

ಅಪ್ಪ ಹೋದ ದಿನ ನೀನು ನನ್ನ ನಂಬರಿನ ಬ್ಲಾಕ್ ತೆಗೆದು ಫೋನ್ ಮಾಡಿದೆ. ‘ಅಪ್ಪ ಹೋದಾ, ಬಾ’ ಅಂದೆ, ಅಷ್ಟೇ. ಮಣ್ಣಾದ ಮೇಲೂ ಮಾತಾಡಲಿಲ್ಲ. ಅದಕ್ಕೇ ಮತ್ತೆ ಕಾಗದ.

ನಾನು ಬಂದಾಗ ಅವ್ವ ಅಪ್ಪನ ಕಾಲ ಹತ್ತಿರ ಕೂತಿದ್ದಳು. ಅವಳು ಹಾಡಿ ಅಳದೆ ಹೆಣ ಎತ್ತುವಂತಿಲ್ಲ, ಎಲ್ಲರೂ ಅದಕ್ಕೇ ಕಾಯುತ್ತಿದ್ದರು. ಅವ್ವ ಒಬ್ಬೊಬ್ಬರ ಕೈ ನೋಡಿದಳು. ‘ಎಲ್ಲಾರೂ ಫೋನ ಹೊರಗ ಇಡ್ರಿ’ ಅಂದಳು. ರೊಟ್ಟಿ ಬುಟ್ಟಿ ತಂದರು, ಎಲ್ಲರೂ ಹಾಕಿದರು. ಆಮೇಲೆ ನನ್ನ ಕಡೆ ನೋಡಿ, ‘ಸುಶಾಂತಾ, ನೀ ಬುಟ್ಟಿ ಕಾಯಿ. ಒಳಗ ಬರಬ್ಯಾಡ’ ಅಂದಳು. ಕದ ಹಾಕಿದರು.

ಅಪ್ಪನಿಗೆ ಉಳಿದ ಒಬ್ಬನೇ ಮಗ ನಾನು, ಕುರಿದೊಡ್ಡಿಯ ಪಕ್ಕದಲ್ಲಿ ಫೋನು ಕಾಯುತ್ತ ಕೂತೆ. ಅವ್ವ ಮಾಡಿದ್ದು ತಪ್ಪು ಅನ್ನುವುದಿಲ್ಲ. ನಾನು ಕೇಳಿಸಿಕೊಳ್ಳಲು ತಕ್ಕವನಲ್ಲ.

ಸ್ವಲ್ಪ ಹೊತ್ತಿಗೆ ಬುಟ್ಟಿಯೊಳಗೆ ಯಾರದೋ ಫೋನು ಬಡಿದುಕೊಂಡಿತು. ಯಾವ ಹಾಡು ಅಂತ ನಿನಗೆ ಬೇರೆ ಹೇಳಬೇಕೇ? ಎರಡೂ ಕೈ ಹಾಕಿ ಹುಡುಕಿದೆ, ಕೈಗೆ ಬಂದದ್ದೆಲ್ಲ ಬೇರೆ ಫೋನು. ತಾನಾಗಿ ನಿಂತಿತು. ಅಷ್ಟರಲ್ಲಿ ಒಳಗಿನಿಂದ ಹೆಂಗಸರ ಅಳು ಎದ್ದಿತು. ಅವ್ವ ಶುರು ಮಾಡಿದಳು ಅಂದುಕೊಂಡೆ. ಅವಳ ದನಿಯನ್ನು ಬೇರೆ ಮಾಡಿ ಕೇಳಲು ನೋಡಿದೆ, ಆಗಲಿಲ್ಲ.

ಅಪ್ಪನಿಗೆ ಏನಂತ ಹಾಡಿದಳು ಅಕ್ಕಾ? ಒಂದೇ ಸಾಲು ಬರೆ. ಎಲ್ಲಿಯೂ ಕೊಡುವುದಿಲ್ಲ. ನನಗೂ ಅವನು ಅಪ್ಪನೇ ಅಲ್ಲವೇ.

ಸುಶಾಂತ


ಅಥಣಿ
22 ಸೆಪ್ಟೆಂಬರ್ 2025

ತಮ್ಮಾ,

ಅವ್ವ ಹಾಡಲಿಲ್ಲ.

ಕದ ಹಾಕಿದ ಮೇಲೆ ಅಪ್ಪನ ಪಾದ ಹಿಡಿದು ಬಾಯಿ ತೆರೆದಳು. ದನಿ ಬರಲಿಲ್ಲ. ನೀರು ಕುಡಿಸಿದೆವು, ಮತ್ತೆ ತೆರೆದಳು. ಬರೀ ಉಸಿರು ಬಂತು. ದುಂಡವ್ವ ಪಕ್ಕದಲ್ಲಿ ಕೂತು ಮೊದಲ ಸಾಲು ಎತ್ತಿಕೊಟ್ಟು ನೋಡಿದಳು, ಅವ್ವ ತಲೆ ಅಲ್ಲಾಡಿಸಿದಳು. ಊರಿಗೆಲ್ಲ ಹಾಡಿದವಳು ತನ್ನ ಗಂಡನ ಮುಂದೆ ಬಾಯಿ ತೆರೆದು ಕೂತಿದ್ದಳು. ನನಗೆ ನೋಡಲಾಗದೆ ಗೋಡೆ ಕಡೆ ತಿರುಗಿದೆ.

ಆಗ ಹೊರಗಿನಿಂದ ಅವಳ ದನಿ ಬಂತು. ನಿನ್ನ ಬುಟ್ಟಿಯಿಂದ. ಏಳೊ ನನ ಲಗಮಾ.

ಹೆಂಗಸರಿಗೆ ಅಷ್ಟೇ ಸಾಕಾಯಿತು, ಎಲ್ಲರೂ ಒಮ್ಮೆಲೇ ಅತ್ತರು. ನೀನು ಕೇಳಿದ್ದು ಅದನ್ನು. ಅವ್ವ ಕದದ ಕಡೆ ನೋಡುತ್ತ, ಅದು ನಿಲ್ಲುವವರೆಗೆ ಕಾದು, ‘ಆತು. ಎತ್ತರಿ’ ಅಂದಳು. ನಮ್ಮಪ್ಪ ಅಣ್ಣನ ಹಾಡಿನಲ್ಲಿ ಹೋದ.

ನೀನು ಕದಿಯುತ್ತೀ ಅಂತ ನಿನ್ನನ್ನು ಹೊರಗೆ ಕೂರಿಸಿದಳು ಅಂದುಕೊಂಡಿದ್ದೀ. ನಾನೂ ಹಾಗೇ ತಿಳಿದಿದ್ದೆ. ದಿನಕರ್ಮ ಮುಗಿದ ಮೇಲೆ ನಾನೇ ಕೇಳಿದೆ. ‘ನನಗ ಹಾಡ ಬರೂದಿಲ್ಲಂತ ಮೊದಲ ಗೊತ್ತಿತ್ತು. ಅವ ಕಣ್ಣಾರೆ ನೋಡಿದ್ರ ಬದಕತಿದ್ದಿಲ್ಲ. ಅವಗ ಹೇಳಬ್ಯಾಡ. ಭಾಳ ಚಂದ ಹಾಡಿದ್ಲಂತ ಹೇಳು’ ಅಂದಳು.

ಹಾಗೇ ಬರೆಯಬೇಕೆಂದು ಕೂತೆ. ನಿನಗಾಗಿ ಒಂದು ಸಾಲನ್ನು ಕಟ್ಟಿಯೂ ಇದ್ದೆ, ಚೆನ್ನಾಗಿಯೇ ಬಂದಿತ್ತು. ಬರೆದು ಹರಿದೆ. ನಮ್ಮ ಮನೆಯಲ್ಲಿ ಇನ್ನೊಂದು ಸುಳ್ಳು ಹಾಡು ನನಗೆ ಬೇಡ.

ನಿನ್ನ ಮೇಲಿನ ಸಿಟ್ಟು ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಅವ್ವನಿಗಾಗಿ ಒಂದು ಕೆಲಸ ಮಾಡು. ಮುಂದಿನ ಸಲ ಊರಿಗೆ ಹೋದಾಗ, ಅವಳು ರೊಟ್ಟಿ ಬಡಿಯುವಾಗ ಎದುರಿಗೆ ಕೂತು, ಮುಖ ನೋಡಿ ಹೇಳು: ‘ಅಪ್ಪಗ ಭಾಳ ಚಂದ ಹಾಡಿದಿಯಂತಲ್ಲಬೇ, ಅಕ್ಕ ಹೇಳಿದ್ಲು.’

ನಿನ್ನ ಅಕ್ಕ
ಮಂಗಲಾ